ಸೂರ್ಯನನ್ನು ಕೂಡಿಡುವ ವಿದ್ಯೆ: ಒಂದು ಪಾರಿತೋಷಕದ ಹಿನ್ನೆಲೆ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಕಡೆಗೆ ಹೋದವರು ಅಲ್ಲಿ ಎರಡು ಬಗೆಯ ಬಿಸಿಯನ್ನು ಕಂಡಿರುತ್ತಾರೆ. ನೆನೆಸಿದ ಬತ್ತವನ್ನು ಕಣದಲ್ಲಿ ಹರಡಿದಾಗ ಅದನ್ನು ಒಣಗಿಸುವವನು ಸೂರ್ಯ. ಆ ಬತ್ತವು ಅಕ್ಕಿಯಾಗಿ ಭಟ್ಟಿಗೆ ಬಂದ ಮೇಲೆ ಕಾದ ಮರಳಿನಲ್ಲಿ ಅದನ್ನು ಅರಳಿಸುವುದು ಬೆಂಕಿ. ಮೊದಲನೆಯ ಕೆಲಸಕ್ಕೆ ಕೂಲಿಯೂ ಇಲ್ಲ, ಹೊಗೆಯೂ ಇಲ್ಲ. ಎರಡನೆಯದಕ್ಕೆ ಉರುವಲು ಬೇಕು. ಅದರ ಹೊಗೆಯನ್ನು ದುಡಿಯುವವರೂ ನೆರೆಹೊರೆಯವರೂ ಕುಡಿಯಬೇಕು. ಹಗಲೆಲ್ಲ ಇಷ್ಟು ಧಾರಾಳವಾಗಿ ದುಡಿಯುವ ಸೂರ್ಯನನ್ನು ಭಟ್ಟಿಯ ಬಾಯಿಗೂ ಇರುಳಿನ ದೀಪಕ್ಕೂ ಕರೆತರುವುದು ಹೇಗೆ? ಈ ಪ್ರಶ್ನೆಯು ನಮ್ಮೂರಿನದು ಮಾತ್ರವಲ್ಲ. ಇದರ ಬೆನ್ನುಹತ್ತಿ ಬಹುಕಾಲ ದುಡಿದ ಕನ್ನಡ ನಾಡಿನ ವಿಜ್ಞಾನಿಯೊಬ್ಬರಿಗೆ ೨೦೨೦ನೆಯ ಸಾಲಿನ ಎನಿ ಅಂತರರಾಷ್ಟ್ರೀಯ ಪಾರಿತೋಷಕವು ಸಂದಿತು. ಅವರು ಸಿ. ಎನ್. ಆರ್. ರಾವ್ ಅವರು. ಆ ಪಾರಿತೋಷಕದ ಅರ್ಥವನ್ನು ತಿಳಿಯಬೇಕಾದರೆ ಅದರ ಹಿಂದಿನ ಚರಿತ್ರೆಯನ್ನು ಸ್ವಲ್ಪ ನೋಡುವುದು ಉಚಿತ.

ಹತ್ತಿಯ ಗಿರಣಿಗಳ ದೆಸೆಯಿಂದ ದಾವಣಗೆರೆಗೆ ಒಂದು ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಂದಿತ್ತು. ಹರಿಹರದಲ್ಲಿ ೧೯೪೧ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಹುಟ್ಟಿ, ಅಲ್ಲಿ ತಯಾರಾದ ಲೇತ್ ಯಂತ್ರಗಳು ದೇಶದ ಮೂಲೆಮೂಲೆಗೂ ಹೋದವು. ಯಂತ್ರಕ್ಕೆ ಶಕ್ತಿ ಬೇಕಷ್ಟೆ. ಮೈಸೂರು ಸಂಸ್ಥಾನವು ೧೯೦೨ರಲ್ಲಿ ಶಿವನಸಮುದ್ರದ ಜಲಪಾತದಿಂದ ಕೋಲಾರದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಿತು; ೧೯೪೮ರಲ್ಲಿ ಜೋಗದ ಶರಾವತಿಯೂ ಈ ಸೇವೆಗೆ ನಿಂತಳು. ವಿಚಾರಿಸಿ ನೋಡಿದರೆ ಇದೂ ಸೂರ್ಯನ ಶಕ್ತಿಯೇ ಸರಿ. ಸಮುದ್ರದ ನೀರನ್ನು ಆವಿಯಾಗಿಸಿ ಬೆಟ್ಟಕ್ಕೆ ಏರಿಸಿದವನು ಅವನೇ. ನಾವು ಮಾಡಿದ್ದು ಆ ನೀರಿಗೆ ಕಟ್ಟೆ ಹಾಕಿ ನಿಲ್ಲಿಸಿಕೊಂಡದ್ದು ಮಾತ್ರ. ಕಟ್ಟೆಯಲ್ಲಿ ನಿಂತ ನೀರು ಕೂಡಿಟ್ಟ ಬಿಸಿಲು. ಆದರೆ ಮಳೆ ತಪ್ಪಿದ ವರ್ಷ ಈ ಕಣಜವು ಬರಿದಾಗುತ್ತದೆಂಬುದನ್ನು ನಮ್ಮ ಮನೆಗಳ ದೀಪಗಳೇ ಹಲವು ಸಾರಿ ಹೇಳಿವೆ.

ನೇರವಾಗಿ ಬಿಸಿಲಿನಿಂದಲೇ ವಿದ್ಯುತ್ತನ್ನು ಪಡೆಯಬಹುದೆಂಬ ಸುಳಿವು ಹೊಸದಲ್ಲ. ಬೆಳಕು ಬಿದ್ದಾಗ ಕೆಲವು ವಸ್ತುಗಳಲ್ಲಿ ವಿದ್ಯುತ್ತು ಹುಟ್ಟುವುದನ್ನು ಫ್ರಾನ್ಸಿನ ಬೆಕೆರೆಲ್ ೧೮೩೯ರಲ್ಲಿ ಕಂಡನು. ಬೆಳಕು ಲೋಹದಿಂದ ವಿದ್ಯುತ್ಕಣಗಳನ್ನು ಹೊರಡಿಸುವ ನಿಯಮವನ್ನು ವಿವರಿಸಿದ್ದಕ್ಕಾಗಿಯೇ ಐನ್‌ಸ್ಟೈನರಿಗೆ ೧೯೨೧ನೆಯ ಸಾಲಿನ ನೊಬೆಲ್ ಪಾರಿತೋಷಕವು ದೊರೆಯಿತು. ೧೯೫೪ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯವರು ಸಿಲಿಕಾನಿನ ಸೌರಕೋಶವನ್ನು ಮಾಡಿ, ಬಿದ್ದ ಬೆಳಕಿನ ಸುಮಾರು ನೂರರಲ್ಲಿ ಆರು ಪಾಲನ್ನು ವಿದ್ಯುತ್ತಾಗಿ ತಿರುಗಿಸಿ ತೋರಿಸಿದರು. ಆ ವಂಶದ ಕೋಶಗಳೇ ಇಂದು ತುಮಕೂರು ಜಿಲ್ಲೆಯ ಪಾವಗಡದ ಬರಡು ನೆಲದಲ್ಲಿ ೨೦೫೦ ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವಾಗಿ ಹರಡಿಕೊಂಡಿವೆ. ಮಳೆಯನ್ನು ಕಾಣದ ಸೀಮೆಗೆ ಬಿಸಿಲೇ ಬೆಳೆಯಾಯಿತು.

ಆದರೂ ಕೊರತೆಯೊಂದು ಉಳಿಯಿತು. ಸಂಜೆಯಾದೊಡನೆ ಈ ಬೆಳೆಯು ನಿಂತುಹೋಗುವುದು. ಬತ್ತಕ್ಕೆ ಕಣಜವಿದ್ದಂತೆ ಬಿಸಿಲಿಗೂ ಒಂದು ಕಣಜವು ಬೇಕು. ಗಿಡಮರಗಳು ಈ ವಿದ್ಯೆಯನ್ನು ಬಲ್ಲವು. ಹಗಲಿನ ಬೆಳಕಿನಿಂದ ನೀರನ್ನು ಒಡೆದು ತಮ್ಮ ಆಹಾರವನ್ನು ಕಟ್ಟಿಕೊಳ್ಳುತ್ತವೆ. ಮನುಷ್ಯನು ಅದನ್ನು ಅನುಕರಿಸಬಹುದೆಂಬ ಭರವಸೆಯು ೧೯೭೨ರಲ್ಲಿ ಬಲವಾಯಿತು. ಜಪಾನಿನ ಫುಜಿಶಿಮಾ ಮತ್ತು ಹೋಂಡಾ ಎಂಬವರು ಟೈಟೇನಿಯಂ ಡೈಆಕ್ಸೈಡಿನ ಮೇಲೆ ಬೆಳಕನ್ನು ಹಾಯಿಸಿ ನೀರನ್ನು ಜಲಜನಕ ಆಮ್ಲಜನಕಗಳಾಗಿ ಬೇರ್ಪಡಿಸಿದರು. ಜಲಜನಕವನ್ನು ಕೂಡಿಡಬಹುದು, ಬೇಕಾದಾಗ ಉರಿಸಬಹುದು. ಉರಿದಾಗ ಮತ್ತೆ ನೀರೇ ಆಗುವುದರಿಂದ ಇದ್ದಿಲಿನ ಮಸಿಯಿಲ್ಲ. ಆದರೆ ಆ ವಸ್ತುವು ಹೀರುವುದು ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳನ್ನು. ಅವು ನಮಗೆ ಬರುವ ಬಿಸಿಲಿನಲ್ಲಿ ಬಹು ಸಣ್ಣ ಪಾಲು. ಕಾಣುವ ಬೆಳಕನ್ನೇ ದುಡಿಸಿಕೊಳ್ಳುವ ವಸ್ತುವನ್ನು ಹುಡುಕುವುದು ಮುಂದಿನವರ ಪಾಲಿಗೆ ಬಂದಿತು.

ರಾವ್ ಅವರು ಹುಟ್ಟಿದ್ದು ೧೯೩೪ರಲ್ಲಿ, ಬೆಂಗಳೂರಿನಲ್ಲಿ. ಮೈಸೂರು ವಿಶ್ವವಿದ್ಯಾನಿಲಯದ ಪದವೀಧರರಾಗಿ, ಕಾಶಿಯಲ್ಲಿ ಓದಿ, ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿ ೧೯೫೮ರಲ್ಲಿ ಡಾಕ್ಟರೇಟನ್ನು ಪಡೆದು, ಮರುವರ್ಷವೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಹಿಂತಿರುಗಿದರು. ನಡುವೆ ಕಾನ್ಪುರದಲ್ಲಿ ಹಲವು ವರ್ಷ ಕಳೆದು, ೧೯೭೬ರಲ್ಲಿ ಮತ್ತೆ ಬಂದು ಘನವಸ್ತುಗಳ ರಸಾಯನಶಾಸ್ತ್ರಕ್ಕೆ ಒಂದು ವಿಭಾಗವನ್ನೇ ಕಟ್ಟಿದರು. ೧೯೮೯ರಲ್ಲಿ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವು ಸ್ಥಾಪಿತವಾದುದು ಅವರ ಮುಂದಾಳುತನದಲ್ಲಿ. ೨೦೧೪ರಲ್ಲಿ ಅವರು ಭಾರತರತ್ನವನ್ನು ಸ್ವೀಕರಿಸಿದರು. ಅಷ್ಟು ಹೊತ್ತಿಗೆ ಎಂಬತ್ತರ ಹೊಸ್ತಿಲಲ್ಲಿದ್ದರೂ ಅವರು ಶಿಷ್ಯರೊಡನೆ ಬೆಳಕಿನಿಂದ ಜಲಜನಕವನ್ನು ಪಡೆಯುವ ಪ್ರಯೋಗಗಳಲ್ಲಿ ತೊಡಗಿದ್ದರು. ಜಿಂಕ್ ಆಕ್ಸೈಡ್, ಪ್ಲಾಟಿನಂ, ಕ್ಯಾಡ್ಮಿಯಂ ಸಲ್ಫೈಡುಗಳನ್ನು ಒಂದಕ್ಕೊಂದು ಹೊಂದಿಸಿದ ಅತಿ ಸೂಕ್ಷ್ಮ ಕಣಗಳ ವಿಷಯವಾಗಿ ೨೦೧೩ರಲ್ಲಿ ಅವರ ಲೇಖನವು ಹೊರಬಿದ್ದಿತು. ಅದೇ ವರ್ಷ ಮಾಲಿಬ್ಡಿನಂ ಡೈಸಲ್ಫೈಡಿನ ಒಂದೇ ಪದರದ ಹಾಳೆಗಳು ಕಾಣುವ ಬೆಳಕಿನಲ್ಲಿ ಜಲಜನಕವನ್ನು ಬಿಡಿಸಬಲ್ಲವೆಂದು ತೋರಿಸಿದರು. ಇದು ಯಂತ್ರಗಳ ಕೀಲುಗಳು ಸವೆಯದಂತೆ ಬಳಿಯುವ ಕಪ್ಪು ಪುಡಿ. ಹರಿಹರದ ಕುಶಲಿಗರಿಗೆ ಅಪರಿಚಿತವೇನೂ ಅಲ್ಲ. ಪ್ಲಾಟಿನಂ ಬಹು ದುಬಾರಿಯಾದುದರಿಂದ ಈ ಬಡ ಪುಡಿಯು ಅದರ ಸ್ಥಾನವನ್ನು ತುಂಬುವುದಾದರೆ ಅದು ಸಣ್ಣ ಲಾಭವಲ್ಲ.

ಈ ಪಾರಿತೋಷಕವನ್ನು ೨೦೦೭ರಲ್ಲಿ ಸ್ಥಾಪಿಸಿದವರು ಇಟಲಿಯ ಒಂದು ಎಣ್ಣೆ ಸಂಸ್ಥೆಯವರು. ನೆಲದಿಂದ ಎಣ್ಣೆಯನ್ನು ತೆಗೆದು ಮಾರುವವರೇ ಎಣ್ಣೆಯ ಹಂಗನ್ನು ಬಿಡಿಸುವ ವಿದ್ಯೆಗೆ ಚಿನ್ನದ ಪದಕವನ್ನು ಕೊಡುವುದು ವಿಚಿತ್ರವಾಗಿ ತೋರಬಹುದು. ಆದರೆ ಎಣ್ಣೆಯ ಕಾಲಕ್ಕೆ ಕೊನೆಯುಂಟೆಂಬುದನ್ನು ಎಣ್ಣೆಯವರೇ ಒಪ್ಪಿಕೊಂಡಂತೆ ಆಯಿತಲ್ಲವೆ? ಇದಕ್ಕೂ ಹಿಂದೆ, ೨೦೦೦ದಲ್ಲಿ, ವಾಹನ ತಯಾರಿಸುವವರ ಹೆಸರಿನ ವೋಲ್ವೋ ಪರಿಸರ ಪಾರಿತೋಷಕವನ್ನು ಬೆಂಗಳೂರಿನ ಅಮೂಲ್ಯ ರೆಡ್ಡಿಯವರು ಮೂವರು ಸಂಗಡಿಗರೊಡನೆ ಹಂಚಿಕೊಂಡಿದ್ದರು. ರೆಡ್ಡಿಯವರೂ ರಸಾಯನಶಾಸ್ತ್ರಜ್ಞರೇ, ಆದರೆ ೧೯೭೪ರಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ಅಸ್ತ್ರವೆಂಬ ಗ್ರಾಮ ತಂತ್ರವಿದ್ಯೆಯ ಘಟಕವನ್ನು ಸ್ಥಾಪಿಸಿ, ಪ್ರಯೋಗಶಾಲೆಯನ್ನೇ ಹಳ್ಳಿಯ ಅಡುಗೆಮನೆಯವರೆಗೆ ನಡೆಸಿಕೊಂಡು ಹೋದರು. ಹೊಗೆಯನ್ನು ತಗ್ಗಿಸಿ ಸೌದೆಯನ್ನು ಉಳಿಸುವ ಅಸ್ತ್ರ ಒಲೆಯನ್ನು ನಮ್ಮ ಮನೆಗಳ ಹಿರಿಯರು ಮರೆತಿರಲಾರರು.

ಒಬ್ಬರು ಮುಂದಿನ ತಲೆಮಾರಿನ ಇಂಧನವನ್ನು ಹುಡುಕಿದರು. ಮತ್ತೊಬ್ಬರು ಇಂದಿನ ಒಲೆಯನ್ನು ತಿದ್ದಿದರು. ಇವರಲ್ಲಿ ಹೆಚ್ಚಿನವರಾರೆಂದು ಕೇಳುವುದು ವ್ಯರ್ಥ. ಹೊಯ್ಸಳ ನರಸಿಂಹನ ದಂಡನಾಯಕನಾದ ಪೋಲಾಳ್ವನು ೧೨೨೪ರಲ್ಲಿ ಹರಿಹರದಲ್ಲಿ ದೇಗುಲವನ್ನು ಕಟ್ಟಿಸಿದಾಗ ಒಂದೇ ವಿಗ್ರಹದಲ್ಲಿ ಅರ್ಧ ಹರಿಯಾಗಿಯೂ ಅರ್ಧ ಹರನಾಗಿಯೂ ನಿಂತ ದೇವರಿಗೆ ನಮ್ಮವರು ಕೈಮುಗಿದರು. ವಿದ್ಯೆಗೂ ಅಂಥ ಎರಡು ಪಾರ್ಶ್ವಗಳುಂಟು. ಬೆಳಕಿನಿಂದ ಜಲಜನಕವನ್ನು ಪಡೆಯುವ ವಿದ್ಯೆಯು ಇನ್ನೂ ಪ್ರಯೋಗಶಾಲೆಯ ಗಾಜಿನ ಪಾತ್ರೆಗಳಲ್ಲಿಯೇ ಹೆಚ್ಚಾಗಿ ಇದೆ. ಅದು ಅಗ್ಗವಾಗಬೇಕು, ಬಾಳಿಕೆ ಬರಬೇಕು, ಬಡವನ ಕೈಗೆ ಎಟುಕಬೇಕು. ಆ ಕೆಲಸಕ್ಕೆ ಬೆಂಗಳೂರಿನ ಪಂಡಿತರಷ್ಟೇ ಅಲ್ಲ, ಹರಿಹರದಲ್ಲಿ ಯಂತ್ರವನ್ನು ಕಲಿತ ಕೈಗಳೂ ದಾವಣಗೆರೆಯ ಕಾಲೇಜುಗಳ ತರುಣರೂ ಬೇಕು. ಪದಕವು ರಾವ್ ಅವರಿಗೆ ಸಂದಿದೆ. ಅದು ಅವರಿಗೆ ಸಲ್ಲತಕ್ಕದ್ದೇ. ಭಟ್ಟಿಯ ಮುಂದೆ ಕುಳಿತವರ ಕಣ್ಣುಗಳು ಹೊಗೆಯಿಂದ ಉರಿಯದ ದಿನವು ಬಂದಾಗ ಆ ವಿದ್ಯೆಯ ಫಲವು ನಮ್ಮ ಊರಿಗೂ ಸಂದಂತಾಗುವುದು.