ಎಸ್‌ಎಸ್‌ಎಚ್ ಕೀಲಿಗಳ ಸುರಕ್ಷಿತ ನಿರ್ವಹಣೆ

ಎಸ್‌ಎಸ್‌ಎಚ್ ಕೀಲಿಗಳ ನಿರ್ವಹಣೆ ಎಂದರೆ ದೂರದ ಗಣಕವನ್ನು ಪ್ರವೇಶಿಸಲು ಬಳಸುವ ಗೂಢಲಿಪಿ ಕೀಲಿಗಳನ್ನು ರಚಿಸುವ, ಕಾಪಾಡುವ, ಬಳಸುವ ಹಾಗೂ ಅಗತ್ಯ ತೀರಿದಾಗ ರದ್ದುಪಡಿಸುವ ಕ್ರಮ. ಖಾಸಗಿ ಕೀಲಿಯು ಸಾಮಾನ್ಯವಾಗಿ ಒಂದು ಕಡತದ ರೂಪದಲ್ಲಿರುತ್ತದೆ. ಪಾಸ್‌ಫ್ರೇಸ್‌ನ ರಕ್ಷಣೆಯಿಲ್ಲದ ಅಂತಹ ಕಡತವನ್ನು ನಕಲು ಮಾಡಿಕೊಂಡವರು ಮಾಲೀಕರ ಹೆಸರಿನಲ್ಲಿಯೇ ಸರ್ವರ್‌ಗೆ ಪ್ರವೇಶ ಪಡೆಯಬಲ್ಲರು. ಈ ಅಪಾಯವನ್ನು ತಗ್ಗಿಸಲು ಕೀಲಿಗಳನ್ನು ಪಾಸ್‌ವರ್ಡ್ ಮ್ಯಾನೇಜರ್ ತಂತ್ರಾಂಶದಲ್ಲಿರಿಸಿ, ಕಮಾಂಡ್ ಲೈನ್ ಮೂಲಕ ಬಳಸುವ ಪದ್ಧತಿ ರೂಢಿಗೆ ಬಂದಿದೆ.

ಹಿನ್ನೆಲೆ

ಎಸ್‌ಎಸ್‌ಎಚ್ ಎಂಬುದು ‘ಸೆಕ್ಯೂರ್ ಶೆಲ್’ ಎಂಬುದರ ಸಂಕ್ಷಿಪ್ತ ರೂಪ. ಇದನ್ನು 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ತಾತು ಯುಲೊನೆನ್ ಅವರು ರಚಿಸಿದರು. ವಿಶ್ವವಿದ್ಯಾಲಯದ ಜಾಲದಲ್ಲಿ ನಡೆದ ಪಾಸ್‌ವರ್ಡ್ ಕಳವು ಇದಕ್ಕೆ ಪ್ರೇರಣೆಯಾಯಿತು. ಅದುವರೆಗೆ ಬಳಕೆಯಲ್ಲಿದ್ದ ಟೆಲ್‌ನೆಟ್ ಪಾಸ್‌ವರ್ಡನ್ನು ಮರೆಮಾಚದೆ ಸಾಗಿಸುತ್ತಿತ್ತು. 1999ರಲ್ಲಿ ಓಪನ್‌ಬಿಎಸ್‌ಡಿ ಯೋಜನೆಯು ಓಪನ್‌ಎಸ್‌ಎಸ್‌ಎಚ್ ಎಂಬ ಮುಕ್ತ ತಂತ್ರಾಂಶವನ್ನು ಹೊರತಂದಿತು. 2006ರಲ್ಲಿ ಎಸ್‌ಎಸ್‌ಎಚ್‌ನ ಎರಡನೆಯ ಆವೃತ್ತಿಯು ಅಂತರಜಾಲ ಮಾನಕವಾಗಿ ಪ್ರಕಟವಾಯಿತು.

ಕೀಲಿಗಳ ಜೋಡಿ

‘ಎಸ್‌ಎಸ್‌ಎಚ್-ಕೀಜೆನ್’ ಎಂಬ ಆದೇಶವು ಎರಡು ಕೀಲಿಗಳನ್ನು ರಚಿಸುತ್ತದೆ. ಸಾರ್ವಜನಿಕ ಕೀಲಿಯನ್ನು ಸರ್ವರ್‌ನಲ್ಲಿ, ಅಧಿಕೃತ ಕೀಲಿಗಳ ಪಟ್ಟಿಗೆ ಸೇರಿಸಲಾಗುತ್ತದೆ. ಖಾಸಗಿ ಕೀಲಿಯು ಬಳಕೆದಾರರ ಬಳಿಯೇ ಉಳಿಯುತ್ತದೆ. ಪ್ರವೇಶದ ವೇಳೆ ಖಾಸಗಿ ಕೀಲಿಯಿಂದ ಅಂಕಿತ ಸಹಿ ರಚಿಸಲ್ಪಡುತ್ತದೆ. ಸರ್ವರ್ ಅದನ್ನು ಸಾರ್ವಜನಿಕ ಕೀಲಿಯಿಂದ ಪರಿಶೀಲಿಸುತ್ತದೆ. ಖಾಸಗಿ ಕೀಲಿಯು ಜಾಲದ ಮೇಲೆ ಸಾಗುವುದೇ ಇಲ್ಲ. 2023ರ ಓಪನ್‌ಎಸ್‌ಎಸ್‌ಎಚ್ 9.5 ಆವೃತ್ತಿಯಿಂದ ಆರ್‌ಎಸ್‌ಎ ಬದಲಿಗೆ ಇಡಿ25519 ಬಗೆಯ ಕೀಲಿಯು ಪೂರ್ವನಿಯೋಜಿತವಾಗಿದೆ.

ಪಾಸ್‌ವರ್ಡ್ ಮ್ಯಾನೇಜರ್‌ನ ಪಾತ್ರ

ಓಪನ್‌ಎಸ್‌ಎಸ್‌ಎಚ್‌ನೊಂದಿಗೆ ಬರುವ ‘ಎಸ್‌ಎಸ್‌ಎಚ್-ಏಜೆಂಟ್’ ಎಂಬ ಸಹಾಯಕ ಕ್ರಮವಿಧಿಯು ಕೀಲಿಯನ್ನು ಸ್ಮೃತಿಯಲ್ಲಿರಿಸಿಕೊಂಡು, ಇತರ ಕ್ರಮವಿಧಿಗಳ ಕೋರಿಕೆಯಂತೆ ಸಹಿ ಮಾತ್ರ ಮಾಡಿಕೊಡುತ್ತದೆ. ಪಾಸ್‌ವರ್ಡ್ ಮ್ಯಾನೇಜರ್‌ಗಳು ಈ ವ್ಯವಸ್ಥೆಯನ್ನೇ ಎರಡು ವಿಧವಾಗಿ ಬಳಸಿಕೊಳ್ಳುತ್ತವೆ.

* ಕೀಪಾಸ್‌ಎಕ್ಸ್‌ಸಿ: ಕೀಲಿಯನ್ನು ಗೂಢಲಿಪೀಕೃತ ದತ್ತಸಂಚಯದಲ್ಲಿ ಇರಿಸುತ್ತದೆ. ದತ್ತಸಂಚಯ ತೆರೆದಾಗ ಕೀಲಿಯನ್ನು ಏಜೆಂಟ್‌ಗೆ ಒಪ್ಪಿಸಿ, ಮುಚ್ಚಿದಾಗ ಹಿಂಪಡೆಯುವಂತೆ ಹೊಂದಿಸಬಹುದು.
* ಒನ್‌ಪಾಸ್‌ವರ್ಡ್: 2022ರಿಂದ ತಾನೇ ಏಜೆಂಟ್ ಆಗಿ ವರ್ತಿಸುತ್ತದೆ. ಕೀಲಿಯ ಬಳಕೆಗೆ ಬೆರಳಚ್ಚು ಅಥವಾ ಪಾಸ್‌ವರ್ಡ್ ಮೂಲಕ ಅನುಮತಿ ಕೇಳುತ್ತದೆ. ಇದರ ‘ಆಪ್’ ಎಂಬ ಕಮಾಂಡ್ ಲೈನ್ ಸಾಧನದಿಂದ, ಸ್ಕ್ರಿಪ್ಟ್‌ಗಳಲ್ಲಿ ರಹಸ್ಯವನ್ನು ಬರೆಯುವ ಬದಲು ಅದರ ಉಲ್ಲೇಖವನ್ನಷ್ಟೇ ಬರೆಯಬಹುದು.

ಎಚ್ಚರಿಕೆಗಳು

ಪಾಸ್‌ವರ್ಡ್ ಮ್ಯಾನೇಜರ್‌ಗೆ ಸೇರಿಸಿದ ಬಳಿಕ ಹಳೆಯ ಕೀಲಿ ಕಡತವು ಗಣಕದಲ್ಲಿಯೂ ಅದರ ಬ್ಯಾಕಪ್‌ಗಳಲ್ಲಿಯೂ ಉಳಿದಿದ್ದರೆ ರಕ್ಷಣೆ ಅಪೂರ್ಣ. ಆದ್ದರಿಂದ ಹೊಸ ಕೀಲಿಯನ್ನು ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿಯೇ ರಚಿಸಿ ಹಳೆಯದನ್ನು ರದ್ದುಪಡಿಸುವುದು ಉತ್ತಮ. ಕೀಲಿಯನ್ನು ಪಾಸ್‌ವರ್ಡ್ ಮ್ಯಾನೇಜರ್‌ನಿಂದ ಅಳಿಸಿದ ಮಾತ್ರಕ್ಕೆ ಅದು ರದ್ದಾಗುವುದಿಲ್ಲ. ಪ್ರತಿಯೊಂದು ಸರ್ವರ್‌ನ ಪಟ್ಟಿಯಿಂದಲೂ ಅದರ ಸಾರ್ವಜನಿಕ ಕೀಲಿಯನ್ನು ತೆಗೆಯಬೇಕು.

ಏಜೆಂಟನ್ನು ದೂರದ ಗಣಕಕ್ಕೆ ವಿಸ್ತರಿಸಿದರೆ, ಆ ಗಣಕದ ಆಡಳಿತಾಧಿಕಾರ ಉಳ್ಳವರು ಸಂಪರ್ಕ ಇರುವಷ್ಟು ಕಾಲ ಕೀಲಿಯನ್ನು ಬಳಸಬಲ್ಲರು. ಮುಖ್ಯ ಪಾಸ್‌ವರ್ಡ್ ಮರೆತರೆ ಎಲ್ಲ ಕೀಲಿಗಳೂ ಒಟ್ಟಿಗೆ ಕೈತಪ್ಪಬಹುದಾದ್ದರಿಂದ ಸರ್ವರ್ ಪ್ರವೇಶಕ್ಕೆ ಪರ್ಯಾಯ ಮಾರ್ಗವೊಂದಿರಬೇಕು.

ಖಾಸಗಿ ಕೀಲಿಯು ಸಾರ್ವಜನಿಕ ಸಂಕೇತ ಭಂಡಾರಕ್ಕೆ ಸೇರುವುದು ಮತ್ತೊಂದು ಅಪಾಯ. 2023ರ ಮಾರ್ಚ್‌ನಲ್ಲಿ ಗಿಟ್‌ಹಬ್ ಸಂಸ್ಥೆಯ ಸರ್ವರ್ ಗುರುತಿನ ಆರ್‌ಎಸ್‌ಎ ಖಾಸಗಿ ಕೀಲಿಯು ಹೀಗೆ ಅಲ್ಪಕಾಲ ಬಹಿರಂಗವಾಗಿ, ಸಂಸ್ಥೆಯು ಅದನ್ನು ಬದಲಿಸಬೇಕಾಯಿತು.