ಅಲಬಾಮಾ (ಸಂಗೀತ ತಂಡ)

ಅಮೆರಿಕದ ಪ್ರಸಿದ್ಧ ಕಂಟ್ರಿ ಸಂಗೀತ ತಂಡ. ಅಲಬಾಮಾ ರಾಜ್ಯದ ಈಶಾನ್ಯ ಮೂಲೆಯಲ್ಲಿರುವ ಫೋರ್ಟ್ ಪೇನ್ ಎಂಬ ಸಣ್ಣ ಊರಿನಲ್ಲಿ 1969ರಲ್ಲಿ ಹುಟ್ಟಿತು. ಸ್ಥಾಪಕರಾದ ರ‍್ಯಾಂಡಿ ಓವೆನ್ (ಮುಖ್ಯ ಗಾಯನ, ಗಿಟಾರ್), ಟೆಡ್ಡಿ ಜೆಂಟ್ರಿ (ಬೇಸ್ ಗಿಟಾರ್) ಮತ್ತು ಜೆಫ್ ಕುಕ್ (ಗಿಟಾರ್, ಫಿಡಲ್, ಕೀಬೋರ್ಡ್) ಮೂವರೂ ಸಂಬಂಧಿಕರು. ಓವೆನ್ ಮತ್ತು ಜೆಂಟ್ರಿ ಬೆಳೆದದ್ದು ಲುಕ್ಔಟ್ ಬೆಟ್ಟದ ಹತ್ತಿ ಹೊಲಗಳ ನಡುವೆ. ಚರ್ಚಿನಲ್ಲಿ ಹಾಡಿ ಪಳಗಿದ ಇವರ ಕೊರಳುಗಳ ಹೊಂದಾಣಿಕೆಯೇ ಮುಂದೆ ತಂಡದ ಗುರುತಾಯಿತು.

ತಂಡದ ಮೊದಲ ಹೆಸರು ಯಂಗ್ ಕಂಟ್ರಿ. 1972ರಲ್ಲಿ ಅದು ವೈಲ್ಡ್ ಕಂಟ್ರಿ ಎಂದಾಯಿತು. ಮರುವರ್ಷ ಕೈಯಲ್ಲಿದ್ದ ಉದ್ಯೋಗಗಳನ್ನು ಬಿಟ್ಟು ಮೂವರೂ ದಕ್ಷಿಣ ಕ್ಯಾರೊಲಿನಾದ ಕಡಲತೀರದ ಪ್ರವಾಸಿ ಊರು ಮರ್ಟಲ್ ಬೀಚ್‌ಗೆ ಹೋದರು. ಅಲ್ಲಿನ ‘ದಿ ಬೋವರಿ’ ಎಂಬ ಬಾರ್‌ನಲ್ಲಿ ಬೇಸಗೆಯಿಂದ ಬೇಸಗೆಗೆ, ಏಳು ವರ್ಷ ಹಾಡಿದರು. ಗಿರಾಕಿಗಳು ಕೊಡುವ ಟಿಪ್ಸ್ ಹಣವೇ ದುಡಿಮೆ. ಹಾಗಾಗಿ ಕೇಳಿದ್ದನ್ನು ಇಲ್ಲ ಎನ್ನುವಂತಿರಲಿಲ್ಲ: ಕಂಟ್ರಿ ಹಾಡಿನ ಬೆನ್ನಿಗೇ ರಾಕ್, ಅದರ ಬೆನ್ನಿಗೆ ಕುಣಿಯುವವರಿಗೊಂದು ಸೋಲ್ ಹಾಡು. ತಮ್ಮ ಸ್ವಂತ ರಚನೆಗಳನ್ನು ಇವುಗಳ ನಡುವೆ ಸೇರಿಸಿ ಜನರ ಮುಂದೆ ಪರೀಕ್ಷಿಸುತ್ತಿದ್ದರು. ಆಗ ಯಾವ ಕಂಪನಿಯೂ ಇವರ ಹಾಡುಗಳನ್ನು ಹೊರತರುತ್ತಿರಲಿಲ್ಲವಾದ್ದರಿಂದ ತಾವೇ ಮುದ್ರಿಸಿದ ಆಲ್ಬಮ್‌ಗಳನ್ನು ಅಲ್ಲೇ ಮಾರಿದರು. ರಾಕ್‌ನ ಬಿರುಸು ಬೆರೆತ ಇವರ ಕಂಟ್ರಿ ಶೈಲಿ ರೂಪುಗೊಂಡದ್ದು ಈ ಬಾರ್‌ನಲ್ಲೇ.

ಕಂಟ್ರಿ ಸಂಗೀತದ ರಾಜಧಾನಿ ನ್ಯಾಶ್‌ವಿಲ್‌ನ ರೂಢಿಯೇ ಬೇರೆಯಾಗಿತ್ತು. ಅಲ್ಲಿ ಹೆಸರು ಒಬ್ಬ ಗಾಯಕನದು ಅಥವಾ ಗಾಯಕಿಯದು. ಹಿನ್ನೆಲೆಯಲ್ಲಿ ನುಡಿಸುವವರು ಸ್ಟುಡಿಯೊದ ಬಾಡಿಗೆ ವಾದ್ಯಗಾರರು. ತಾವೇ ಬರೆದು, ನುಡಿಸಿ, ಹಾಡುವ ತಂಡಗಳನ್ನು ರಾಕ್ ಸಂಗೀತದ ವಸ್ತುವೆಂದೇ ಕಂಪನಿಗಳು ಎಣಿಸುತ್ತಿದ್ದವು.

ಹೀಗಾಗಿ ಇವರಿಗೆ ದಾರಿ ಸುಲಭವಾಗಿರಲಿಲ್ಲ. 1977ರಲ್ಲಿ ಜಿಆರ್‌ಟಿ ಕಂಪನಿ ತಂಡದ ಒಂದು ಹಾಡನ್ನು ಹೊರತಂದಿತು. ಅದು ಜನಪ್ರಿಯ ಹಾಡುಗಳ ಪಟ್ಟಿಯ ತಳದಲ್ಲೇ ಉಳಿಯಿತು. ತಂಡ ಈಗಿನ ಹೆಸರು ತಳೆದದ್ದು ಅದೇ ವರ್ಷ. ಡ್ರಮ್ಸ್ ವಾದಕರು ಹಲವರು ಬಂದು ಹೋದ ಮೇಲೆ 1979ರಲ್ಲಿ ರಾಕ್ ಹಿನ್ನೆಲೆಯ ಮಾರ್ಕ್ ಹೆರ್ನ್‌ಡನ್ ಸೇರಿಕೊಂಡರು. ಎಂಡಿಜೆ ಎಂಬ ಚಿಕ್ಕ ಕಂಪನಿ ಹೊರತಂದ ‘ಮೈ ಹೋಮ್ಸ್ ಇನ್ ಅಲಬಾಮಾ’ 1980ರ ಆರಂಭದಲ್ಲಿ ಬಿಲ್‌ಬೋರ್ಡ್ ಕಂಟ್ರಿ ಪಟ್ಟಿಯ ಮೊದಲ 20ರೊಳಗೆ ಬಂತು. ಅದೇ ವಸಂತದಲ್ಲಿ ನ್ಯಾಶ್‌ವಿಲ್‌ನ ಹೊಸಮುಖಗಳ ಪ್ರದರ್ಶನದಲ್ಲಿ ಹಾಡಿದ ಬಳಿಕ ಆರ್‌ಸಿಎ ಕಂಪನಿ ಒಪ್ಪಂದ ಮಾಡಿಕೊಂಡಿತು. ಅಲ್ಲಿಂದ ಬಂದ ಮೊದಲ ಹಾಡು ‘ಟೆನೆಸೀ ರಿವರ್’ ಅದೇ ವರ್ಷ ಅಗ್ರಸ್ಥಾನಕ್ಕೇರಿತು.

‘ಫೀಲ್ಸ್ ಸೋ ರೈಟ್’ (1981), ‘ಮೌಂಟನ್ ಮ್ಯೂಸಿಕ್’ (1982) ಆಲ್ಬಮ್‌ಗಳು ಲಕ್ಷಗಟ್ಟಲೆ ಮಾರಾಟವಾದವು. ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್‌ನ ವರ್ಷದ ರಂಜಕ ಪ್ರಶಸ್ತಿ 1982ರಿಂದ 1984ರವರೆಗೆ ಸತತ ಮೂರು ವರ್ಷ ಈ ತಂಡಕ್ಕೇ ಸಂದಿತು.