ಇರುಳಲ್ಲಿ ಅರಳುವ ಗುಂಡು ಕ್ಯಾಕ್ಟಸ್: ಮುಳ್ಳಿರೋದೆಲ್ಲ ಒಂದೇ ಕಳ್ಳಿಯಲ್ಲ

ಅಗರದಿಂದ ಕೊಳ್ಳೇಗಾಲ, ಹನೂರಿನ ಒಣಸೀಮೆಯವರೆಗೆ ಮುಳ್ಳಿನ ದಪ್ಪ ಗಿಡ ಯಾವುದಿದ್ದರೂ ನಮ್ಮ ಬಾಯಲ್ಲಿ ಅದು ‘ಕಳ್ಳಿ’. ಚದುರಗಳ್ಳಿ, ಪಾಪಾಸುಕಳ್ಳಿ, ಈಗ ಕುಂಡದಲ್ಲಿ ಕೂತಿರೋ ಗುಂಡು ಕ್ಯಾಕ್ಟಸ್ ಎಲ್ಲಕ್ಕೂ ಅದೇ ಹೆಸರು. ಆದರೆ ಚದುರಗಳ್ಳಿ ಕ್ಯಾಕ್ಟಸ್ ಅಲ್ಲವೇ ಅಲ್ಲ, ಯುಫೋರ್ಬಿಯಾ ಕುಲದ್ದು. ಅದನ್ನು ಕಡಿದರೆ ಬಿಳಿ ಹಾಲು ಸುರಿಯುತ್ತೆ, ಆ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಗುಂಡು ಕ್ಯಾಕ್ಟಸ್‌ನಲ್ಲಿ ಹಾಲಿಲ್ಲ, ಬರೀ ನೀರಿನಂಥ ಲೋಳೆರಸ.

ಈ ಗುಂಡು ಗಿಡದ ಹೆಸರು ಎಕಿನಾಪ್ಸಿಸ್ ಆಕ್ಸಿಗೋನಾ. ಊರು ದಕ್ಷಿಣ ಬ್ರೆಜಿಲ್, ಉರುಗ್ವೆ, ಅರ್ಜೆಂಟೀನಾ ಕಡೆ. 1837ರಲ್ಲಿ ಜರ್ಮನ್ ಸಸ್ಯವಿಜ್ಞಾನಿ ಜುಕ್ಕಾರಿನಿ ಈ ಕುಲಕ್ಕೆ ಇಟ್ಟ ಗ್ರೀಕ್ ಹೆಸರಿನ ಅರ್ಥ ‘ಮುಳ್ಳುಹಂದಿಯಂತೆ ಕಾಣುವುದು’. ಎಳೆಯದರಲ್ಲಿ ಚೆಂಡು, ವಯಸ್ಸಾದಂತೆ ಗಿಡ್ಡ ಕಂಬ. ಮೈತುಂಬ ಏಣುಗಳು. ಮಳೆಗೆ ನೀರು ಕುಡಿದಾಗ ಹಾರ್ಮೋನಿಯಂ ತಿದಿಯಂತೆ ಹಿಗ್ಗುತ್ತವೆ, ಬೇಸಿಗೆಗೆ ಕುಗ್ಗುತ್ತವೆ. ಏಣಿನ ಮೇಲೆ ಸಾಲಾಗಿ ಉಣ್ಣೆಯಂಥ ಚುಕ್ಕೆಗಳಿವೆ ನೋಡಿ, ಅವೇ ಅರಿಯೋಲ್. ಮುಳ್ಳು, ಹೂವು, ಮರಿ ಎಲ್ಲ ಹುಟ್ಟೋದು ಅಲ್ಲೇ. ಕ್ಯಾಕ್ಟಸ್ ಕುಟುಂಬದ ಗುರುತು ಇದು. ಚದುರಗಳ್ಳಿಯಲ್ಲಿ ಎಷ್ಟು ಹುಡುಕಿದರೂ ಸಿಗಲ್ಲ.

ಎಲೆಯಿಲ್ಲ, ಹಾಗಾಗಿ ಅಡುಗೆ ಮಾಡೋದು ಹಸಿರು ಕಾಂಡವೇ. ಅದೂ ರಾತ್ರಿಪಾಳಿ: ಕತ್ತಲಾದ ಮೇಲೆ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಎಳೆದಿಟ್ಟುಕೊಂಡು, ಹಗಲು ಬಾಗಿಲು ಮುಚ್ಚಿ ಆಹಾರ ತಯಾರಿಸುತ್ತೆ. ಹೂವಿನದೂ ಅದೇ ಲೆಕ್ಕ. ಪಕ್ಕದ ಅರಿಯೋಲ್‌ನಲ್ಲಿ ಕೂದಲಿನ ಗಂಟಾಗಿ ಶುರುವಾದ ಮೊಗ್ಗು ಗೇಣುದ್ದದ ನಳಿಕೆಯಾಗಿ ಬೆಳೆದು, ಸಂಜೆ ಅರಳಿ, ಬಿಳಿ ಅಥವಾ ತಿಳಿಗುಲಾಬಿ ಬಣ್ಣ ತೋರಿ, ಮರುದಿನವೇ ಬಾಡುತ್ತೆ. ತವರಲ್ಲಿ ಅದರ ಅತಿಥಿ ಉದ್ದ ಸೊಂಡಿಲಿನ ಇರುಳು ಪತಂಗ. ನಮ್ಮ ಮನೆಗಳ ‘ಬ್ರಹ್ಮಕಮಲ’ವೂ ಇರುಳಲ್ಲೇ ಅರಳೋ ಕ್ಯಾಕ್ಟಸ್, ಆದರೆ ಅದರ ಕಾಂಡ ಎಲೆಯಂತೆ ಚಪ್ಪಟೆ. (ಹಿಮಾಲಯದ ನಿಜವಾದ ಬ್ರಹ್ಮಕಮಲ ಸೂರ್ಯಕಾಂತಿ ಕುಟುಂಬದ್ದು!)

ಗುರುತು ತಪ್ಪಿದರೆ ಏನಾಗುತ್ತೆ ಅನ್ನೋದಕ್ಕೆ ಇತಿಹಾಸವಿದೆ. ಕೆಂಪು ಬಣ್ಣದ ಲಾಭಕ್ಕೆ ಬಿದ್ದಿದ್ದ ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ, 1795ರಲ್ಲಿ, ಬ್ರೆಜಿಲ್‌ನಿಂದ ಕೊಚಿನೀಲ್ ಕೀಟ ಅಂದುಕೊಂಡು ಅದರ ಸೋದರ ಜಾತಿಯನ್ನು ಭಾರತಕ್ಕೆ ತಂದರು. ಬಣ್ಣ ಕಳಪೆ. ಆದರೆ ಆ ಕೀಟ ಒಂದು ಜಾತಿಯ ಪಾಪಾಸುಕಳ್ಳಿಯನ್ನು ತಿಂದು ಮುಗಿಸುತ್ತಾ ಹೋಯ್ತು. ಆಗ ಆದದ್ದು ಕಳೆಯ ಮೇಲೆ. ಈಗ ಏಟು ಬೀಳ್ತಿರೋದು ಅಪರೂಪದ ಗಿಡಗಳ ಮೇಲೆ. ಜಗತ್ತಿನ ಕ್ಯಾಕ್ಟಸ್ ಜಾತಿಗಳಲ್ಲಿ ಶೇ. 31ರಷ್ಟು ಅಳಿವಿನ ಅಂಚಿನಲ್ಲಿವೆ ಎಂದು 2015ರ ಅಧ್ಯಯನವೊಂದು ಹೇಳಿತು. ಕದ್ದು ಮಾರೋದು ಅದಕ್ಕೆ ದೊಡ್ಡ ಕಾರಣ. 2020ರಲ್ಲಿ ಇಟಲಿ ಪೊಲೀಸರು ಚಿಲಿಯಿಂದ ಕದ್ದಿದ್ದ ಸಾವಿರದಷ್ಟು ಗಿಡ ಹಿಡಿದರು.

ಎಕಿನಾಪ್ಸಿಸ್ ಆಕ್ಸಿಗೋನಾಕ್ಕೆ ಅಂಥ ಕಳ್ಳಸಾಗಣೆ ಬೇಕಿಲ್ಲ. ಬುಡದ ಸುತ್ತ ತಾನೇ ಮರಿ ಹಾಕುತ್ತೆ. ಇರೋರ ಹತ್ತಿರ ಒಂದು ಕೇಳಿ ತನ್ನಿ, ಗಾಯ ಒಣಗಲು ನಾಲ್ಕು ದಿನ ನೆರಳಲ್ಲಿಡಿ, ಮರಳು ಹೆಚ್ಚಿರೋ ಮಣ್ಣಲ್ಲಿ ನೆಡಿ. ಬೇರು ಬಿಡೋವರೆಗೆ ನೀರು ಮಾತ್ರ ಕಮ್ಮಿ ಇರಲಿ.